ತಂಗಿಯ ಸಿಇಟಿ ಆಪ್ಷನ್ ಪಟ್ಟಿ: ಯಾವುದಕ್ಕೆ ಜಾಸ್ತಿ ತೂಕ ಕೊಡಬೇಕು?

ರಾಣೆಬೆನ್ನೂರಿನ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಈ ವರ್ಷ ಪಿಯುಸಿ ಮುಗಿಸಿದ್ದಾಳೆ, ಪಿಸಿಎಂಬಿ ತಗೊಂಡು. ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ 40 ಸಾವಿರದ ಆಸುಪಾಸು ಬಂದಿದೆ. ಕೃಷಿ ಕೋರ್ಸಿನ ರ‍್ಯಾಂಕ್ ಅದಕ್ಕಿಂತ ಚೆನ್ನಾಗಿದೆ. ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಬ್ರಾಂಚ್‌ಗಳನ್ನು ಇಷ್ಟದ ಕ್ರಮದಲ್ಲಿ ತುಂಬುವುದು, ಮುಗಿಯಲು ಇನ್ನು ಆರೇ ದಿನ.

ನಮ್ಮದು ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ ನಾಲ್ಕು ಎಕರೆ ಹೊಲ, ಗೋವಿನಜೋಳ ಮತ್ತು ಹತ್ತಿ. ನಾನು ಪ್ರಾಥಮಿಕ ಶಾಲೆ ಶಿಕ್ಷಕಿ. ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಹೀಗಾಗಿ ಹೊರಗಿನವರನ್ನೇ ಕೇಳಬೇಕು.

ಸೋದರಮಾವ "ಎಲ್ಲೇ ಆಗಲಿ, ಕಂಪ್ಯೂಟರ್ ಸೈನ್ಸ್ ಸಿಕ್ಕರೆ ಬಿಡಬೇಡಿ" ಅನ್ನುತ್ತಾರೆ. ಅವಳ ಪಿಯು ಲೆಕ್ಚರರ್ "ಬ್ರಾಂಚ್ ಆಮೇಲೆ, ಮೊದಲು ಹಳೇ ಕಾಲೇಜು ನೋಡಿ" ಅಂದರು. ಅಮ್ಮನಿಗೆ ಒಂದೇ ಚಿಂತೆ, ಹುಡುಗಿ ರಾತ್ರಿ ಎಲ್ಲಿ ಮಲಗುತ್ತಾಳೆ ಅಂತ. ಅಪ್ಪ ಏನೂ ಹೇಳುವುದಿಲ್ಲ. ಫೀಸ್ ಎಷ್ಟು ಅಂತ ಮಾತ್ರ ಎರಡು ಸಲ ಕೇಳಿದರು.

ಈಗ ಕಣ್ಣ ಮುಂದೆ ಇರುವುದು ಇಷ್ಟು. ಬೆಂಗಳೂರಿನ ಹೊರವಲಯದ ಒಂದು ಹೊಸ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸಿನ ಎಐ (ಕೃತಕ ಬುದ್ಧಿಮತ್ತೆ) ವಿಭಾಗ. ದಾವಣಗೆರೆಯ ಒಂದು ಹಳೇ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್. ಹಾವೇರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು. ಅಥವಾ ಬಿಎಸ್ಸಿ ಕೃಷಿ.

ಒಂದು ಹಾಳೆಯಲ್ಲಿ ಬರೆದುಕೊಂಡು ಕೂತಿದ್ದೇನೆ: ಫೀಸ್, ಬ್ರಾಂಚ್, ಪ್ಲೇಸ್‌ಮೆಂಟ್, ಹಾಸ್ಟೆಲ್, ದೂರ, ಲ್ಯಾಬ್, ಪಾಠ ಮಾಡುವವರು, ಕಾಲೇಜಿನ ಹೆಸರು. ಎಂಟು ಆಯಿತು. ಎಲ್ಲವೂ ಮುಖ್ಯವೇ, ಅದು ಗೊತ್ತು. ಆದರೆ ಇವುಗಳಲ್ಲಿ ಎರಡು ಒಂದಕ್ಕೊಂದು ಅಡ್ಡ ಬಂದಾಗ ಯಾವುದನ್ನು ಬಿಡಬೇಕು? ಅಲ್ಲೇ ನಿಂತುಬಿಟ್ಟಿದ್ದೇನೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಹಾಸನದ ಮೇಷ್ಟ್ರು

ತಂಗೀ, ಒಳ್ಳೇ ಪ್ರಶ್ನೆ ಕೇಳಿದೆಯಮ್ಮ. ನಾನು 31 ವರ್ಷ ಎಲೆಕ್ಟ್ರಾನಿಕ್ಸ್ ಪಾಠ ಮಾಡಿ ನಿವೃತ್ತನಾದವನು. ನನ್ನ ಕಣ್ಣಿಗೆ ಕಂಡಿದ್ದನ್ನು ಹೇಳುತ್ತೇನೆ.

ನಿನ್ನ ಹಾಳೆಯಲ್ಲಿ ಪಾಠ ಮಾಡುವವರು ಏಳನೇ ಸಾಲಿನಲ್ಲಿದ್ದಾರೆ. ಅದನ್ನು ಮೇಲಕ್ಕೆ ತಾ. ಕಟ್ಟಡ ನಾಲ್ಕು ವರ್ಷವೂ ಅಲ್ಲೇ ಇರುತ್ತದೆ. ಮೇಷ್ಟ್ರು ಇರುತ್ತಾರಾ ಅನ್ನೋದು ಪ್ರಶ್ನೆ. ಸಂಬಳ ಸರಿಯಾಗಿ ಕೊಡದ ಕಡೆ ಸೆಮಿಸ್ಟರ್ ಮಧ್ಯದಲ್ಲೇ ಬಿಟ್ಟು ಹೋಗುತ್ತಾರೆ. ಆಗ ಆ ವಿಷಯವನ್ನು ಹಿಂದಿನ ವರ್ಷ ಪಾಸಾದ ಹುಡುಗರಿಗೆ ಕೊಟ್ಟು ಮುಗಿಸುತ್ತಾರೆ. ಇದು ಎಷ್ಟೋ ಕಡೆ ನಡೆಯುತ್ತದೆ.

ಇದನ್ನು ಮನೆಯಲ್ಲಿ ಕೂತು ಪರೀಕ್ಷೆ ಮಾಡಬಹುದು. ಎನ್‌ಐಆರ್‌ಎಫ್ ಅಂತ ಕೇಂದ್ರ ಸರ್ಕಾರದ ರ‍್ಯಾಂಕಿಂಗ್ ಇದೆ, 2016ರಿಂದ ಪ್ರತಿ ವರ್ಷ ಪಟ್ಟಿ ಬರುತ್ತದೆ. ಆ ಪಟ್ಟಿಯಲ್ಲಿ ಕಾಲೇಜಿಗೆ ಎಷ್ಟನೇ ಸ್ಥಾನ ಅಂತ ತಲೆ ಕೆಡಿಸಿಕೊಳ್ಳಬೇಡ. ಅದರಲ್ಲಿ ಭಾಗವಹಿಸುವ ಕಾಲೇಜುಗಳು ತಾವು ಕೊಟ್ಟ ಮಾಹಿತಿಯನ್ನು ತಮ್ಮ ವೆಬ್‌ಸೈಟಿನಲ್ಲಿ ಪಿಡಿಎಫ್ ಹಾಕಬೇಕು. ಪುಟದ ತಳದಲ್ಲಿ ಎಲ್ಲೋ ಸಣ್ಣ ಅಕ್ಷರದಲ್ಲಿ ಇರುತ್ತದೆ, ಹುಡುಕು. ಅದರೊಳಗೆ ಪ್ರತಿಯೊಬ್ಬ ಅಧ್ಯಾಪಕರ ಹೆಸರು, ಓದು, ಅನುಭವ, ಕಾಲೇಜಿಗೆ ಸೇರಿದ ದಿನಾಂಕ ಇರುತ್ತದೆ. ಸೇರಿದ ದಿನಾಂಕದ ಕಾಲಂ ಮೇಲೆ ಬೆರಳಿಟ್ಟು ಕೆಳಗೆ ಬಾ. ಹತ್ತು, ಹದಿನೈದು ವರ್ಷದಿಂದ ಇರುವವರು ಅರ್ಧಕ್ಕಿಂತ ಜಾಸ್ತಿ ಇದ್ದರೆ ಆ ಕಾಲೇಜು ಉಸಿರಾಡುತ್ತಿದೆ ಅಂತ ಅರ್ಥ. ಎಲ್ಲರೂ ಕಳೆದ ಎರಡು ವರ್ಷದಲ್ಲಿ ಸೇರಿದವರೇ ಆದರೆ ಯಾಕೆ ಅಂತ ಕೇಳಬೇಕು. 20 ವಿದ್ಯಾರ್ಥಿಗೆ ಒಬ್ಬ ಅಧ್ಯಾಪಕ ಅನ್ನೋದು ಎಐಸಿಟಿಇ, ಅಂದರೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯ ಲೆಕ್ಕ. ಅದನ್ನೂ ಅಲ್ಲೇ ಎಣಿಸಬಹುದು.

ಅದೇ ಪಿಡಿಎಫ್‌ನಲ್ಲಿ ಇನ್ನೊಂದು ಸಂಖ್ಯೆ ಇದೆ, ಯಾರೂ ನೋಡುವುದಿಲ್ಲ. ಎಷ್ಟು ಜನ ಸೇರಿದರು, ಅದರಲ್ಲಿ ಎಷ್ಟು ಜನ ನಿಗದಿತ ನಾಲ್ಕೇ ವರ್ಷದಲ್ಲಿ ಪಾಸಾದರು ಅಂತ. 300 ಜನ ಸೇರಿ 170 ಜನ ಮಾತ್ರ ಹೊರಬಂದಿದ್ದರೆ ಉಳಿದವರ ಕಥೆ ಏನು? ಪ್ಲೇಸ್‌ಮೆಂಟ್ ಬ್ಯಾನರಿನಲ್ಲಿ ಅವರ ಫೋಟೋ ಇರುವುದಿಲ್ಲ.

ಇನ್ನು ಲ್ಯಾಬ್. ನಾನು ಕೆಲಸ ಶುರು ಮಾಡಿದಾಗ ನಮ್ಮಲ್ಲಿ ಆರು ಹುಡುಗರಿಗೆ ವಿದ್ಯುತ್ ಅಲೆ ತೋರಿಸುವ ಒಂದು ಸಿಆರ್‌ಓ ಇತ್ತು. ಪ್ರೋಬ್ ಹಿಡಿದ ಒಬ್ಬ ಕಲಿಯುತ್ತಿದ್ದ. ಪಕ್ಕದವನು ನಾಬ್ ತಿರುಗಿಸುತ್ತಿದ್ದ. ಉಳಿದ ನಾಲ್ಕು ಜನ ರೆಕಾರ್ಡ್ ಬುಕ್ ನಕಲು ಮಾಡುತ್ತಿದ್ದರು. ಹುಡುಗಿಯರು ಯಾವಾಗಲೂ ಆ ನಾಲ್ಕರಲ್ಲೇ ಇರುತ್ತಿದ್ದರು. ಅದನ್ನು ಇಬ್ಬರಿಗೆ ಒಂದು ಅಂತ ಮಾಡಿದ ವರ್ಷವೇ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಬದಲಾವಣೆ ಕಾಣಿಸಿತು. ಆದ್ದರಿಂದ ಲ್ಯಾಬ್‌ಗೆ ಹೋದರೆ "ಎಷ್ಟು ಕೋಟಿ ಖರ್ಚು ಮಾಡಿದ್ದೀರಿ" ಅಂತ ಕೇಳಬೇಡ. "ಒಂದು ಟೇಬಲ್‌ಗೆ ಎಷ್ಟು ಜನ" ಅಂತ ಕೇಳು.

ವೈಟ್‌ಫೀಲ್ಡ್ ಕನ್ನಡಿಗ

ಮೇಷ್ಟ್ರೇ, ನಿಮ್ಮ ಮಾತಿಗೆ ಗೌರವ ಇಟ್ಟುಕೊಂಡೇ ಒಂದು ವಿಷಯ ಸೇರಿಸುತ್ತೇನೆ. ನಾನು ಕ್ಯಾಂಪಸ್ ನೇಮಕಾತಿಗೆ ಹೋಗುವ ತಂಡದಲ್ಲಿದ್ದೇನೆ. ಕಾಲೇಜಿನ ಹೆಸರು ಮುಖ್ಯ ಅಲ್ಲ ಅಂತ ಹೇಳುವುದು ಸುಲಭ. ಆದರೆ ಕಂಪನಿ ಯಾವ ಗೇಟಿನೊಳಗೆ ಹೋಗುತ್ತದೆ ಅಂತ ತೀರ್ಮಾನ ಆಗುವುದು ಹಳೇ ದಾಖಲೆ ನೋಡಿ. ಬೆಂಗಳೂರಿನ ಯುವಿಸಿಇ 1917ರದ್ದು, ಬಿಎಂಎಸ್ 1946ರದ್ದು, ಆರ್‌ವಿ 1963ರದ್ದು. ಅಲ್ಲಿಂದ ಬಂದವರು ನಮ್ಮ ಕಂಪನಿಯಲ್ಲೇ ಹಿರಿಯ ಹುದ್ದೆಯಲ್ಲಿದ್ದಾರೆ. ಅವರು ತಮ್ಮ ಕಾಲೇಜಿಗೆ ಹೋಗೋಣ ಅನ್ನುತ್ತಾರೆ. ಹೊಸ ಕಾಲೇಜಿಗೆ ಆ ಬಳಗ ಇಲ್ಲ.

ಆದರೆ ಅಕ್ಕಾ, 40 ಸಾವಿರದ ರ‍್ಯಾಂಕಿಗೆ ಆ ಕಾಲೇಜುಗಳ ಬೇಡಿಕೆಯ ಬ್ರಾಂಚ್ ಸಿಗುವುದು ಕಷ್ಟ. ಅದಕ್ಕೇ ನಿಮ್ಮ ವಿಷಯದಲ್ಲಿ ಹೆಸರಿಗೆ ಅಷ್ಟು ತೂಕ ಬೇಡ. ಎರಡು ಸಾಧಾರಣ ಕಾಲೇಜುಗಳ ನಡುವೆ "ಇದರ ಹೆಸರು ಸ್ವಲ್ಪ ಜಾಸ್ತಿ" ಅಂತ ನೋಡಿ ಮನೆಯಿಂದ 300 ಕಿಲೋಮೀಟರ್ ದೂರ ಹೋಗುವುದರಲ್ಲಿ ಅರ್ಥ ಇಲ್ಲ.

ಪ್ಲೇಸ್‌ಮೆಂಟ್ ಸಂಖ್ಯೆ ಓದುವಾಗ ಎಚ್ಚರ ಇರಲಿ. "500 ಆಫರ್" ಅಂದರೆ 500 ಹುಡುಗರು ಅಲ್ಲ. ಒಬ್ಬಳಿಗೆ ಮೂರು ಆಫರ್ ಬಂದರೆ ಮೂರು ಅಂತ ಎಣಿಸುತ್ತಾರೆ. "ಗರಿಷ್ಠ ಪ್ಯಾಕೇಜ್" ಒಬ್ಬರದ್ದು, ಅದರಿಂದ ನಿಮ್ಮ ತಂಗಿಗೆ ಏನೂ ತಿಳಿಯುವುದಿಲ್ಲ. ಮೇಷ್ಟ್ರು ಹೇಳಿದ ಪಿಡಿಎಫ್‌ನಲ್ಲೇ ಮಧ್ಯಮ ಸಂಬಳ ಅಂತ ಒಂದು ಕಾಲಂ ಇದೆ. ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವರ ಸಂಬಳ ಅದು. ಅದನ್ನು ನೋಡಿ. ಆಮೇಲೆ ಕಾಲೇಜಿಗೆ ಫೋನ್ ಮಾಡಿ ನೇರವಾಗಿ ಕೇಳಿ: ಈ ಬ್ರಾಂಚಿನಲ್ಲಿ ಕಳೆದ ವರ್ಷ ಕೊನೆಯ ವರ್ಷದಲ್ಲಿ ಎಷ್ಟು ಜನ ಇದ್ದರು, ಎಷ್ಟು ಜನಕ್ಕೆ ಕೆಲಸ ಆಯಿತು? ಎರಡು ಸಂಖ್ಯೆ, ಅಷ್ಟೇ. ಕೊಡದಿದ್ದರೆ ಅದೂ ಒಂದು ಉತ್ತರವೇ.

ಇನ್ನೊಂದು ಮುಖ್ಯ ಮಾತು. ಬಹಳ ಕಂಪನಿಗಳು ಹತ್ತನೇ ತರಗತಿ, ಪಿಯು, ಬಿಇ ಮೂರರಲ್ಲೂ 60% ಕೇಳುತ್ತವೆ. ಬಾಕಿ ವಿಷಯ ಇರಬಾರದು ಅನ್ನುತ್ತವೆ. ಎಷ್ಟೇ ದೊಡ್ಡ ಕಾಲೇಜಾದರೂ ಅಲ್ಲಿ ಕುಸಿದು ಎರಡು ವಿಷಯ ಉಳಿಸಿಕೊಂಡರೆ ಆ ಬಾಗಿಲು ಮುಚ್ಚಿತು. ತಂಗಿ ನೆಮ್ಮದಿಯಾಗಿ ಓದಿ ಪಾಸಾಗುವ ಜಾಗ ಯಾವುದು ಅಂತ ನೋಡುವುದು ಪ್ಲೇಸ್‌ಮೆಂಟ್ ದೃಷ್ಟಿಯಿಂದಲೂ ಸರಿ.

ತುಮಕೂರಿನ ಅಮ್ಮ

ದೂರದ ಬಗ್ಗೆ ನಾನು ಹೇಳಲೇಬೇಕು. ನನ್ನ ಮಗಳನ್ನು ಬೆಂಗಳೂರಿನ ಹೊರಗಿರುವ ಒಂದು ಕಾಲೇಜಿಗೆ ಹಾಕಿದೆವು. ಕಂಪ್ಯೂಟರ್ ಸೈನ್ಸ್ ಸಿಕ್ಕಿತು ಅಂತ ಖುಷಿಯಲ್ಲಿ ಬೇರೆ ಏನೂ ನೋಡಲಿಲ್ಲ. ಹಾಸ್ಟೆಲ್ ಇದೆ ಅಂದಿದ್ದರು. ಸೇರಿದ ಮೇಲೆ ಜಾಗ ತುಂಬಿದೆ ಅಂದರು. ಪಿಜಿ ಸಿಕ್ಕಿದ್ದು ಕಾಲೇಜಿನಿಂದ ಎರಡು ಬಸ್ ಬದಲಾಯಿಸುವ ದೂರದಲ್ಲಿ, ತಿಂಗಳಿಗೆ 8 ಸಾವಿರ.

ಮೊದಲ ಸೆಮಿಸ್ಟರಿನಲ್ಲಿ ಒಂದು ದಿನ ನಾನು ಅವಳ ಜೊತೆ ಹೋದೆ. ಬೆಳಿಗ್ಗೆ 6 ಗಂಟೆ 40ಕ್ಕೆ ಪಿಜಿ ಬಿಟ್ಟೆವು. ಅಲ್ಲಿ ಇನ್ನೂ ತಿಂಡಿ ಆಗಿರಲಿಲ್ಲ. ಡಬ್ಬಿಗೆ ನಿನ್ನೆಯ ಚಪಾತಿ ಹಾಕಿಕೊಂಡಳು. ಬಸ್ಸಿನಲ್ಲಿ ನಿಂತುಕೊಂಡೇ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ನೋಟ್ಸ್ ಓದುತ್ತಿದ್ದಳು. ಸಂಜೆ ವಾಪಸ್ ಬಂದಾಗ 7 ಗಂಟೆ ದಾಟಿತ್ತು. ಶೂ ಬಿಚ್ಚದೆ ಹಾಸಿಗೆ ಮೇಲೆ ಕೂತಳು, ಹಾಗೇ ನಿದ್ದೆ ಹೋದಳು. ನಾನು ಶೂ ಬಿಚ್ಚಿದೆ. ಇದು ವಾರಕ್ಕೆ ಆರು ದಿನ ಅಂದುಕೊಳ್ಳಿ. ವಿಟಿಯುನಲ್ಲಿ (ಕಾಲೇಜು ಸೇರಿರುವ ತಾಂತ್ರಿಕ ವಿಶ್ವವಿದ್ಯಾಲಯ) 85% ಹಾಜರಾತಿ ಬೇಕು, ಸುಸ್ತಾಯಿತು ಅಂತ ಮನೆಯಲ್ಲಿ ಕೂರಲೂ ಆಗಲ್ಲ. ಎರಡನೇ ಸೆಮಿಸ್ಟರ್‌ಗೆ ಗಣಿತ ಹೋಯಿತು. ಪಿಯುನಲ್ಲಿ ಗಣಿತಕ್ಕೆ 94 ತೆಗೆದಿದ್ದ ಮಗು ಅದು.

ಈಗ ಕಾಲೇಜಿನ ಪಕ್ಕದಲ್ಲೇ ಮನೆ ಮಾಡಿಕೊಂಡು ಮೂರು ಹುಡುಗಿಯರು ಇದ್ದಾರೆ, ಚೆನ್ನಾಗಿ ಓದುತ್ತಿದ್ದಾಳೆ. ಆದರೆ ಆ ಒಂದು ವರ್ಷ ವಾಪಸ್ ಬರಲಿಲ್ಲ. ಅಕ್ಕಾ, ಬ್ರಾಂಚ್ ನೋಡಿ. ಆದರೆ ಬೆಳಿಗ್ಗೆ ಎಷ್ಟು ಗಂಟೆಗೆ ಏಳಬೇಕು, ತಿಂಡಿ ಎಲ್ಲಿ, ಸಂಜೆ ಎಷ್ಟಕ್ಕೆ ರೂಮು ಸೇರುತ್ತಾಳೆ, ಅದನ್ನು ಮೊದಲು ಬರೆದುಕೊಳ್ಳಿ.

ಭಾಲ್ಕಿ ಹುಡುಗ

ಅಮ್ಮಾ, ನಿಮ್ಮ ನೋವು ಅರ್ಥ ಆಯಿತು. ಆದರೆ ದೂರ ಅಂದ ಕೂಡಲೇ ಹೆದರುವುದು ಬೇಡ ಅಂತ ನನ್ನ ಅನಿಸಿಕೆ. ನಾನು ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಕನ್ನಡ ಮಾಧ್ಯಮ. ಈಗ ಕಲಬುರಗಿಯ ಪಿಡಿಎ ಕಾಲೇಜಿನಲ್ಲಿ ಮೂರನೇ ವರ್ಷ. 1958ರಿಂದ ಇರುವ ಕಾಲೇಜು. ಮನೆಯಿಂದ ದಿನಾ ಓಡಾಡಿದ್ದರೆ ನಾನು ಉಳಿಯುತ್ತಿರಲಿಲ್ಲ. ಹಾಸ್ಟೆಲ್‌ನಲ್ಲಿ ಸೀನಿಯರ್ ಅಣ್ಣಂದಿರು ರಾತ್ರಿ ಕೂರಿಸಿಕೊಂಡು ಕನ್ನಡದಲ್ಲೇ ಹೇಳಿಕೊಟ್ಟರು. ಮೊದಲ ತಿಂಗಳು ಕ್ಲಾಸಿನಲ್ಲಿ "ಡಿಫರೆನ್ಶಿಯೇಟ್" ಅಂದರೆ ಕಲನಶಾಸ್ತ್ರದ ಪಾಠ ಅಂತ ತಿಳಿಯಲು ಪಕ್ಕದವನ ಪುಸ್ತಕ ನೋಡುತ್ತಿದ್ದೆ. ಲೆಕ್ಕ ಬರುತ್ತಿತ್ತು, ಪದ ಬರುತ್ತಿರಲಿಲ್ಲ.

ಅಕ್ಕಾ, ನಿಮ್ಮ ತಂಗಿಯೂ ಕನ್ನಡ ಮಾಧ್ಯಮ ಆಗಿದ್ದರೆ ಈ ಅಂಶವನ್ನು ಪಟ್ಟಿಗೆ ಸೇರಿಸಿ: ಅರ್ಥ ಆಗದಿದ್ದರೆ ಕನ್ನಡದಲ್ಲಿ ಕೇಳಬಹುದಾದ ಮೇಷ್ಟ್ರು, ಸ್ನೇಹಿತರು ಅಲ್ಲಿ ಇದ್ದಾರಾ? ಬೆಂಗಳೂರಿನ ಎಷ್ಟೋ ಕಾಲೇಜುಗಳಲ್ಲಿ ಕ್ಲಾಸಿನ ಅರ್ಧ ಜನ ಬೇರೆ ರಾಜ್ಯದವರು. ಅದು ತಪ್ಪಲ್ಲ. ಆದರೆ ಮೊದಲ ವರ್ಷ ನಮ್ಮಂಥವರು ಬಾಯಿ ಬಿಡದೆ ಹಿಂದಿನ ಬೆಂಚಿಗೆ ಹೋಗಿಬಿಡುತ್ತೇವೆ.

ಗದಗಿನ ಸೈಬರ್ ಸೆಂಟರ್ ಅಣ್ಣ

ನಾನು ಎಂಜಿನಿಯರ್ ಅಲ್ಲ. ಹನ್ನೆರಡು ವರ್ಷದಿಂದ ಮಕ್ಕಳಿಗೆ ಸಿಇಟಿ ಫಾರಂ ತುಂಬಿಕೊಡುತ್ತೇನೆ. ಪಾಲಕರು ಮಾಡುವ ತಪ್ಪು ನನ್ನ ಮುಂದಿನ ಕುರ್ಚಿಯಲ್ಲೇ ನಡೆಯುತ್ತದೆ, ಹಾಗಾಗಿ ಹೇಳುತ್ತೇನೆ.

ಮೊದಲನೇದು, ಪಟ್ಟಿಯ ಕ್ರಮ. "ನಮ್ಮ ರ‍್ಯಾಂಕಿಗೆ ಇದು ಸಿಗುತ್ತದೆ" ಅಂತ ಸಿಗುವ ಕಾಲೇಜನ್ನು ಮೇಲೆ ಹಾಕುತ್ತಾರೆ. ಹಾಗೆ ಮಾಡಬೇಡಿರಿ. ಸೀಟು ಹಂಚುವ ಕೆಇಎ (ಪರೀಕ್ಷಾ ಪ್ರಾಧಿಕಾರ) ಕಂಪ್ಯೂಟರ್ ಮೇಲಿನಿಂದ ಕೆಳಗೆ ನೋಡುತ್ತದೆ, ಸಿಕ್ಕ ಮೊದಲ ಸೀಟು ಕೊಟ್ಟು ನಿಲ್ಲುತ್ತದೆ. ಸಿಗುವುದಿಲ್ಲ ಅನಿಸಿದ ಕಾಲೇಜನ್ನು ಮೇಲೆ ಬರೆದರೆ ನಷ್ಟ ಏನೂ ಇಲ್ಲ. ಬೇಡವಾದದ್ದನ್ನು ಮಧ್ಯದಲ್ಲಿ ಸುಮ್ನೆ ತುಂಬಿಸಿದರೆ ಮಾತ್ರ ನಷ್ಟ. ಅದೇ ಬಂದು ಕೂರುತ್ತದೆ. ಎಂಜಿನಿಯರಿಂಗ್, ಕೃಷಿ ಎರಡೂ ಇದ್ದರೆ ಯಾವುದು ಮೇಲೆ ಅನ್ನೋದನ್ನು ಮನೆಯಲ್ಲಿ ಕೂತು ಗಟ್ಟಿ ಮಾಡಿಕೊಂಡು ಬರ್ರಿ.

ಎರಡನೇದು, ಕಟ್‌ಆಫ್ ಓದುವ ಕ್ರಮ. ಯಾವ ಸೀಟು ಎಷ್ಟನೇ ರ‍್ಯಾಂಕಿನವರೆಗೆ ಹೋಯಿತು ಅನ್ನುವ ಹಿಂದಿನ ವರ್ಷದ ಪಟ್ಟಿ ಕೆಇಎ ವೆಬ್‌ಸೈಟಿನಲ್ಲಿ ಸಿಗುತ್ತದೆ. ಜನ ಜಿಎಂ (ಸಾಮಾನ್ಯ ವರ್ಗ) ಕಾಲಂ ನೋಡಿ ಕೈ ಬಿಡುತ್ತಾರೆ. ನಿಮ್ಮ ತಂಗಿ 1ರಿಂದ 10ರವರೆಗೆ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಗ್ರಾಮೀಣ 15%, ಕನ್ನಡ ಮಾಧ್ಯಮ 5% ಮೀಸಲಾತಿ ಇದೆ. ನಿಮ್ಮ ಪ್ರವರ್ಗದ ಮುಂದೆ ಆರ್ ಅಂತ ಇದ್ದರೆ ಗ್ರಾಮೀಣ, ಕೆ ಅಂತ ಇದ್ದರೆ ಕನ್ನಡ ಮಾಧ್ಯಮ. ಆ ಕಾಲಂಗಳನ್ನು ನೋಡ್ರಿ. 371ಜೆ (ಕಲ್ಯಾಣ ಕರ್ನಾಟಕದ ಮೀಸಲಾತಿ) ಮಾತ್ರ ನಿಮಗೆ ಬರುವುದಿಲ್ಲ, ಹಾವೇರಿ ಜಿಲ್ಲೆ ಅದರೊಳಗಿಲ್ಲ.

ಮೂರನೇದು ದುಡ್ಡು. ಆಪ್ಷನ್ ಹಾಕುವಾಗ ಪ್ರತಿ ಸೀಟಿನ ಮುಂದೆ ಫೀಸ್ ತೋರಿಸುತ್ತದೆ, ಓದಿಕೊಳ್ಳಿ. ಹಾಸನದ ಮಲೆನಾಡು, ಬಾಗಲಕೋಟೆಯ ಬಸವೇಶ್ವರ, ಮೈಸೂರಿನ ಎನ್‌ಐಇ, ಮಂಡ್ಯದ ಪಿಇಎಸ್ ಇಂಥ ಹಳೇ ಕಾಲೇಜುಗಳಲ್ಲಿ ಕೆಲವು ಹಳೇ ಬ್ರಾಂಚ್‌ಗಳು ಅನುದಾನಿತ. ಅವಕ್ಕೆ ಫೀಸ್ ಬಹಳ ಕಡಿಮೆ. ಅದೇ ಕಾಲೇಜಿನ ಹೊಸ ಬ್ರಾಂಚಿಗೆ ಜಾಸ್ತಿ. ಎಸ್‌ಎನ್‌ಕ್ಯೂ ಅಂತ ಇನ್ನೊಂದಿದೆ, 5% ಹೆಚ್ಚುವರಿ ಸೀಟು. ಮನೆ ಆದಾಯ 8 ಲಕ್ಷದ ಒಳಗಿದ್ದವರಿಗೆ ಬೋಧನಾ ಶುಲ್ಕ ಮಾಫಿ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನ ಹಾಕಿರಿ. ಹಿಂದುಳಿದ ವರ್ಗದವರಾಗಿ ಸರ್ಕಾರಿ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಇದೆ, ಊಟ, ವಸತಿ ಖರ್ಚಿಗೆ ತಿಂಗಳಿಗೆ ಇಷ್ಟು ಅಂತ ಕೊಡುತ್ತಾರೆ.

ನಾಲ್ಕನೇದು, ಸೀಟು ಬಂದ ಮೇಲೆ ಚಾಯ್ಸ್. ಚಾಯ್ಸ್ 1 ಅಂದರೆ ಇದೇ ಸಾಕು, ಸೇರುತ್ತೇನೆ. ಚಾಯ್ಸ್ 2 ಅಂದರೆ ಇದು ಇರಲಿ, ಮೇಲಿನದು ಸಿಕ್ಕರೆ ಕೊಡಿ. ಮೇಲಿನದು ಸಿಕ್ಕ ಕೂಡಲೇ ಕೆಳಗಿನದು ಹೋಗುತ್ತದೆ, ವಾಪಸ್ ಕೇಳಲು ಆಗಲ್ಲ. ಚಾಯ್ಸ್ 3 ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ಚಾಯ್ಸ್ 4 ಹೊರಗೆ. ಮೂರನ್ನೂ ನಾಲ್ಕನ್ನೂ ಗೊತ್ತಿಲ್ಲದೆ ಒತ್ತಿ ಅತ್ತವರನ್ನು ನೋಡಿದ್ದೇನೆ.

ಹನುಮನಮಟ್ಟಿ ಹಳೇ ವಿದ್ಯಾರ್ಥಿ

ಎಲ್ಲರೂ ಎಂಜಿನಿಯರಿಂಗ್ ಬಗ್ಗೆಯೇ ಹೇಳುತ್ತಿದ್ದೀರಿ. ಅಕ್ಕಾ, ಬಿಎಸ್ಸಿ ಕೃಷಿ ಅಂತ ಕೊನೆಗೆ ಒಂದು ಮಾತು ಹಾಕಿ ಮುಂದೆ ಹೋಗಿಬಿಟ್ಟಿದ್ದೀರಿ. ಹನುಮನಮಟ್ಟಿಯ ಕೃಷಿ ಕಾಲೇಜು ನಿಮ್ಮ ತಾಲ್ಲೂಕಿನಲ್ಲೇ ಇದೆ, ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದು. ನಾನು ಅಲ್ಲೇ ಓದಿದವನು. ನಾಲ್ಕು ವರ್ಷದ ಕೋರ್ಸು. ಕೊನೆಯ ವರ್ಷ ಹಳ್ಳಿಯಲ್ಲಿ ಉಳಿದು ರೈತರ ಜೊತೆ ಕೆಲಸ ಮಾಡಬೇಕು. ನಿಮ್ಮ ತಂಗಿ ರೈತರ ಮಕ್ಕಳ ಕೋಟಾದ ಪ್ರಾಯೋಗಿಕ ಪರೀಕ್ಷೆ ಬರೆದಿದ್ದಾಳಾ?

ಕೆಲಸದ ವಿಷಯ ಮುಚ್ಚಿಡದೆ ಹೇಳುತ್ತೇನೆ. ಕೃಷಿ ಅಧಿಕಾರಿ ಹುದ್ದೆಗೆ ನೇಮಕಾತಿ ಪ್ರತಿ ವರ್ಷ ಬರುವುದಿಲ್ಲ, ಕಾಯಬೇಕು. ಬ್ಯಾಂಕುಗಳಲ್ಲಿ ಕೃಷಿ ಅಧಿಕಾರಿ ಪರೀಕ್ಷೆ ಇದೆ, ನನ್ನ ಬ್ಯಾಚಿನ ಹಲವರು ಅಲ್ಲಿ ಸೇರಿದರು. ರಾಣೆಬೆನ್ನೂರು ಸುತ್ತ ಬೀಜದ ಕಂಪನಿಗಳಿಗೆ ಕೊರತೆ ಇಲ್ಲ. ಎಂಎಸ್ಸಿ ಮಾಡಿದರೆ ಸಂಶೋಧನೆ. ಕಾಲೇಜು ಸೇರುವ ಮೊದಲೇ ಆಫರ್ ಲೆಟರ್ ಕನಸು ಕಾಣುವವರಿಗೆ ಇದು ಹೊಂದಲ್ಲ. ಮಣ್ಣು ನೋಡಿದರೆ ಕೈ ಹಾಕಬೇಕು ಅನಿಸುವವರಿಗೆ ಇದಕ್ಕಿಂತ ಒಳ್ಳೇ ಓದು ಇಲ್ಲ.

ರಾಣೆಬೆನ್ನೂರಿನ ಅಕ್ಕ

ನಿಮಗೆಲ್ಲ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ನಿನ್ನೆ ರಾತ್ರಿ ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಜೋರಾಗಿ ಓದಿದೆ. ತುಮಕೂರಿನ ಅಮ್ಮ ಬರೆದದ್ದು ಓದುವಾಗ ನಮ್ಮಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದರು.

ಹೌದು, ಅವಳು ಕನ್ನಡ ಮಾಧ್ಯಮವೇ. ಕೃಷಿ ಪ್ರಾಯೋಗಿಕ ಪರೀಕ್ಷೆಯನ್ನೂ ಬರೆದಿದ್ದಾಳೆ. ಬೀಜ, ಗೊಬ್ಬರ, ಉಪಕರಣ ಗುರುತಿಸುವುದು ಅವಳಿಗೆ ಕಷ್ಟವೇ ಆಗಲಿಲ್ಲ.

ಮೊದಲು ಪಿಡಿಎಫ್ ಕೆಲಸ ಮಾಡಿದೆವು. ಬೆಂಗಳೂರಿನ ಕಾಲೇಜಿನ ವೆಬ್‌ಸೈಟಿನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಫೋನ್ ಮಾಡಿ ವೈಟ್‌ಫೀಲ್ಡ್ ಸರ್ ಹೇಳಿದ ಎರಡು ಸಂಖ್ಯೆ ಕೇಳಿದೆ. "ಬನ್ನಿ ಮೇಡಂ, ನೇರವಾಗಿ ಮಾತಾಡೋಣ" ಅಂದರು. ಮೂರು ಸಲ ಕೇಳಿದರೂ ಅದೇ ಉತ್ತರ. ದಾವಣಗೆರೆಯ ಕಾಲೇಜಿನ ಪಿಡಿಎಫ್ ಸಿಕ್ಕಿತು. ಸೇರಿದ ದಿನಾಂಕದಲ್ಲಿ 1998, 2004, 2009 ಅಂತೆಲ್ಲ ಇದ್ದವು. ತಂಗಿ ಒಂದೊಂದೇ ಎಣಿಸಿದಳು.

ಇವತ್ತು ಶಾಲೆಗೆ ರಜೆ ಹಾಕಿ ಇಬ್ಬರೂ ದಾವಣಗೆರೆಗೆ ಹೋಗಿ ಬಂದೆವು. ಬಸ್ಸಿನಲ್ಲಿ ಒಂದು ತಾಸಿನ ದಾರಿ. ಶಕ್ತಿ ಯೋಜನೆ ಇರುವುದರಿಂದ ಇಬ್ಬರಿಗೂ ಟಿಕೆಟ್ ದುಡ್ಡು ಇಲ್ಲ. ಶನಿವಾರ ಅವಳು ಮನೆಗೆ ಬಂದು ಹೋಗಲು ಖರ್ಚಿಲ್ಲ ಅನ್ನೋದು ಅಮ್ಮನಿಗೆ ದೊಡ್ಡ ಸಮಾಧಾನ.

ಆಫೀಸಿಗೆ ಹೋಗದೆ ಮೊದಲು ಕ್ಯಾಂಟೀನಿಗೆ ಹೋದೆವು. ಮೂವರು ಹುಡುಗಿಯರು ಕೂತಿದ್ದರು, ಮೂರನೇ ವರ್ಷದವರು. ಹಾಸ್ಟೆಲ್ ಹೇಗೆ ಅಂತ ಕೇಳಿದೆ. ನೀರಿನ ತೊಂದರೆ ಬೇಸಿಗೆಯಲ್ಲಿ ಇದೆ ಅಂದರು. ಊಟ ಪರವಾಗಿಲ್ಲ, ವಾರಕ್ಕೆ ನಾಲ್ಕು ದಿನ ಜೋಳದ ರೊಟ್ಟಿ. ವಾರ್ಡನ್ ಅಲ್ಲೇ ಉಳಿಯುತ್ತಾರೆ. ಒಬ್ಬಳು ಹಾಸ್ಟೆಲ್ ಬಾಗಿಲವರೆಗೂ ಕರೆದುಕೊಂಡು ಹೋಗಿ ಅರ್ಜಿ ಯಾವಾಗ ಕೊಡಬೇಕು ಅಂತ ಹೇಳಿದಳು. ಮೊದಲು ಕೊಟ್ಟವರಿಗೆ ಮೊದಲು ಅಂತೆ.

ಲ್ಯಾಬ್‌ನಲ್ಲಿ ಟೇಬಲ್‌ಗೆ ಇಬ್ಬರು, ಕೆಲವು ಕಡೆ ಮೂವರು. ಯಂತ್ರಗಳು ಹೊಸದೇನಲ್ಲ. ಒಂದರ ನಾಬ್ ಮೇಲಿನ ಅಂಕಿಗಳು ಕೈ ತಾಗಿ ತಾಗಿ ಅಳಿಸಿಹೋಗಿದ್ದವು. ಅಲ್ಲಿನ ಇನ್‌ಸ್ಟ್ರಕ್ಟರ್ ಮಾರ್ಕರ್‌ನಿಂದ ಮತ್ತೆ ಬರೆದಿದ್ದರು. ತಂಗಿ ಅದನ್ನು ಮುಟ್ಟಿ ನೋಡಿದಳು. "ಇದು ಕೆಲಸ ಮಾಡುತ್ತದಾ ಸರ್" ಅಂತ ಕೇಳಿದಳು. ಅವರು ಆನ್ ಮಾಡಿ ಅಲೆ ತೋರಿಸಿದರು. ಇವಳ ಕೈಗೇ ಪ್ರೋಬ್ ಕೊಟ್ಟರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಇಪ್ಪತ್ತು ನಿಮಿಷ ಆ ಕಡೆ ತಿರುಗಿಯೂ ನೋಡಲಿಲ್ಲ ಅವಳು. ನಮ್ಮ ಬೋರ್‌ವೆಲ್ ಸ್ಟಾರ್ಟರ್ ಕೆಟ್ಟಾಗಲೂ ಹೀಗೇ, ಅಪ್ಪ ಮೆಕ್ಯಾನಿಕ್‌ಗೆ ಫೋನ್ ಮಾಡುವಷ್ಟರಲ್ಲಿ ಇವಳು ಮುಚ್ಚಳ ಬಿಚ್ಚಿರುತ್ತಾಳೆ.

ಹಾಸನದ ಮೇಷ್ಟ್ರು

ಅಳಿಸಿದ ಅಂಕಿಯನ್ನು ಮತ್ತೆ ಬರೆದಿದ್ದಾರೆ ಅಂದೆಯಲ್ಲ, ಅಲ್ಲಿ ಕೆಲಸ ನಡೆಯುತ್ತಿದೆ ಮಗಳೇ. ನನಗೆ ಅಷ್ಟು ಸಾಕು.

ಇನ್ನೊಂದು ನೋಡಿಬಿಡು. ನ್ಯಾಕ್ ಅಂದರೆ ಗುಣಮಟ್ಟ ನೋಡಿ ಇಡೀ ಕಾಲೇಜಿಗೆ ಕೊಡುವ ಮಾನ್ಯತೆ. ಎನ್‌ಬಿಎ ಒಂದೊಂದು ಬ್ರಾಂಚಿಗೆ ಕೊಡುವುದು. "ಎನ್‌ಬಿಎ ಮಾನ್ಯತೆ" ಅಂತ ಗೇಟಿನ ಮೇಲೆ ಬರೆದಿದ್ದರೆ ಯಾವ ಬ್ರಾಂಚಿಗೆ, ಯಾವ ವರ್ಷದವರೆಗೆ ಅಂತ ಕೇಳಬೇಕು. ಎರಡು ಬ್ಯಾಚ್ ಹೊರಬಂದ ಮೇಲಷ್ಟೇ ಒಂದು ಬ್ರಾಂಚ್ ಅದಕ್ಕೆ ಅರ್ಜಿ ಹಾಕಬಹುದು. ಅದಕ್ಕೇ ಹೊಸದಾಗಿ ಶುರುವಾದ ಎಐ ವಿಭಾಗಗಳಲ್ಲಿ ಬಹಳಷ್ಟಕ್ಕೆ ಇನ್ನೂ ಇಲ್ಲ.

ವೈಟ್‌ಫೀಲ್ಡ್ ಕನ್ನಡಿಗ

ಎಲೆಕ್ಟ್ರಾನಿಕ್ಸ್ ಬಗ್ಗೆ ಮಾವನವರಿಗೆ ಇಷ್ಟು ಹೇಳಿ. ಸಾಫ್ಟ್‌ವೇರ್ ಕಂಪನಿಗಳು ಎಲೆಕ್ಟ್ರಾನಿಕ್ಸ್ ಓದಿದವರನ್ನೂ ತಗೊಳ್ಳುತ್ತವೆ. ನಮ್ಮ ತಂಡದಲ್ಲೇ ಅರ್ಧ ಜನ ಅವರೇ. 2024-25ರಿಂದ ಒಂದು ಬ್ರಾಂಚಿಗೆ ಇಷ್ಟೇ ಸೀಟು ಅಂತ ಇದ್ದ ಮಿತಿಯನ್ನು ಎಐಸಿಟಿಇ ತೆಗೆದುಹಾಕಿತು, ಆಮೇಲೆ ಕಂಪ್ಯೂಟರ್ ಸೈನ್ಸ್ ಸೀಟುಗಳು ತುಂಬಾ ಜಾಸ್ತಿ ಆದವು. ಸೀಟು ಹೆಚ್ಚಾದಷ್ಟು ಬೇಗ ಒಳ್ಳೇ ಮೇಷ್ಟ್ರು ಹೆಚ್ಚಾಗುವುದಿಲ್ಲ. ನಾಲ್ಕು ವರ್ಷದ ನಂತರ ಅವರೆಲ್ಲ ಒಟ್ಟಿಗೆ ಕೆಲಸ ಹುಡುಕಲು ಬರುತ್ತಾರೆ.

ಹನುಮನಮಟ್ಟಿ ಹಳೇ ವಿದ್ಯಾರ್ಥಿ

ಪ್ರೋಬ್ ಹಿಡಿದ ಕಥೆ ಓದಿದ ಮೇಲೆ ನನ್ನ ಕಾಲೇಜಿಗೇ ಬರಲಿ ಅಂತ ಹೇಳಲು ಬಾಯಿ ಬರುತ್ತಿಲ್ಲ ಅಕ್ಕಾ. ಆದರೂ ಒಂದು ದಿನ ಅವಳನ್ನು ನಮ್ಮ ಕ್ಯಾಂಪಸ್ಸಿಗೂ ಕರೆದುಕೊಂಡು ಹೋಗಿ. ಅಲ್ಲೇ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಎರಡನ್ನೂ ನೋಡಿ ಹೇಳಲಿ.

ರಾಣೆಬೆನ್ನೂರಿನ ಅಕ್ಕ

ಹೋಗಿದ್ದೆವು ಅಣ್ಣ. ಇಷ್ಟ ಆಯಿತು ಅವಳಿಗೆ. ಅಮ್ಮನಿಗಂತೂ ಅದೇ ಮೊದಲನೇದು ಆಗಲಿ ಅಂತ ಆಸೆ, ಈಗಲೂ ಇದೆ. ಈ ವಿಷಯದಲ್ಲಿ ಮನೆಯಲ್ಲಿ ಒಮ್ಮತ ಆಗಿಲ್ಲ. ಕೊನೆಗೆ ನಾನು ಪೆನ್ನು, ಹಾಳೆ ತಂಗಿಗೇ ಕೊಟ್ಟೆ. ನನ್ನ ಎಂಟು ಅಂಶಗಳಲ್ಲಿ ಅವಳು ಕಾಲೇಜಿನ ಹೆಸರನ್ನು ಹೊಡೆದು ಹಾಕಿದಳು. ಪ್ಲೇಸ್‌ಮೆಂಟನ್ನು ಕೊನೆಗೆ ಇಳಿಸಿದಳು. "ಅಕ್ಕಾ, ಹಾಸ್ಟೆಲ್, ಲ್ಯಾಬ್, ಮೇಷ್ಟ್ರು ಈ ಮೂರು ದಿನಾ ಬೇಕು. ಅದು ಸರಿ ಇಲ್ಲದಿದ್ದರೆ ಉಳಿದದ್ದರಿಂದ ಏನೂ ಪ್ರಯೋಜನ ಇಲ್ಲ" ಅಂದಳು. ಫೀಸನ್ನು ಎಲ್ಲಕ್ಕಿಂತ ಮೇಲೆ ಬರೆದಿದ್ದಳು. ಅಪ್ಪನ ಪ್ರಶ್ನೆ ಅವಳ ಕಿವಿಗೂ ಬಿದ್ದಿತ್ತು ಅಂತ ಆಗ ಗೊತ್ತಾಯಿತು.

ಪಟ್ಟಿ ಹೀಗಿದೆ. ಮೊದಲು ದಾವಣಗೆರೆಯ ಎಲೆಕ್ಟ್ರಾನಿಕ್ಸ್. ಆಮೇಲೆ ಹನುಮನಮಟ್ಟಿ ಕೃಷಿ, ಧಾರವಾಡ ಕೃಷಿ. ಆಮೇಲೆ ಹಾವೇರಿ ಸರ್ಕಾರಿ ಕಾಲೇಜಿನ ಎಲೆಕ್ಟ್ರಾನಿಕ್ಸ್. ಬೆಂಗಳೂರಿನದು ಪಟ್ಟಿಯಲ್ಲೇ ಇಲ್ಲ. ಮಾವನಿಗೆ ಬೇಜಾರಾಗಿದೆ, ನಾನು ಮಾತಾಡುತ್ತೇನೆ.

ಗದಗಿನ ಸೈಬರ್ ಸೆಂಟರ್ ಅಣ್ಣ

ಕ್ರಮ ಸರಿ ಇದೆ ತಂಗೀ. ಆದರೆ ನಾಲ್ಕೇ ಆಯ್ಕೆ ಕಡಿಮೆ ಆಯಿತು. ಕಟ್‌ಆಫ್ ಪ್ರತಿ ವರ್ಷ ಏರಿಳಿತ ಆಗುತ್ತದೆ. ಇದೇ ಲೆಕ್ಕದಲ್ಲಿ ಹುಬ್ಬಳ್ಳಿ, ಧಾರವಾಡ, ಬಾಗಲಕೋಟೆ, ಹಾಸನ ನೋಡಿ ಇನ್ನೂ ಹತ್ತಾದರೂ ಸೇರಿಸಿರಿ. ಸೇರಲು ಮನಸ್ಸಿರುವುದನ್ನು ಮಾತ್ರ. ಅಣಕು ಹಂಚಿಕೆ, ಅಂದರೆ ಯಾವ ಸೀಟು ಬರಬಹುದು ಅಂತ ಮೊದಲು ತೋರಿಸುವ ಪಟ್ಟಿ, ಬಂದ ಮೇಲೂ ಬದಲಾಯಿಸಲು ಸಮಯ ಕೊಡುತ್ತಾರೆ. ಸೇವ್ ಮಾಡಿ ಪ್ರಿಂಟ್ ತಗೊಳ್ಳಿ. ಪಾಸ್‌ವರ್ಡ್, ಓಟಿಪಿ ಯಾರಿಗೂ ಕೊಡಬೇಡಿರಿ, ನನ್ನಂಥ ಸೈಬರ್ ಸೆಂಟರಿನವರಿಗೂ ಬೇಡ, ನೀವೇ ಪಕ್ಕದಲ್ಲಿ ಕೂತು ಟೈಪ್ ಮಾಡಿ.

ರಾಣೆಬೆನ್ನೂರಿನ ಅಕ್ಕ

ಅಣ್ಣಾ, ಹದಿನಾರು ಆಯ್ಕೆ ಆಯಿತು. ಹಾಸನದ ಅನುದಾನಿತ ಸೀಟನ್ನೂ ಸೇರಿಸಿದೆವು, ಮೇಷ್ಟ್ರ ಊರು ಅಂತ ತಂಗಿಗೆ ಧೈರ್ಯ.

ರಾತ್ರಿ ಊಟ ಆದ ಮೇಲೆ ಪ್ರಿಂಟ್ ಹಿಡಿದು ಅಪ್ಪನಿಗೆ ಒಂದೊಂದೇ ಓದಿ ಹೇಳಿದೆ. ಮೂರನೇ ಸಲ ಫೀಸ್ ಎಷ್ಟು ಅಂತ ಕೇಳಿದರು. ಈ ಸಲ ನನ್ನ ಹತ್ತಿರ ಪೂರ್ತಿ ಲೆಕ್ಕ ಇತ್ತು. ಕಾಲೇಜು, ಹಾಸ್ಟೆಲ್, ಪುಸ್ತಕ, ಬರಬಹುದಾದ ವಿದ್ಯಾರ್ಥಿವೇತನ, ಎಲ್ಲ ಬೇರೆ ಬೇರೆ ಬರೆದು ಕೂಡಿಸಿದ್ದೆ. ಹಾಳೆ ತಗೊಂಡು ಸ್ವಲ್ಪ ಹೊತ್ತು ನೋಡಿದರು. ಮಡಚಿ ಅಂಗಿ ಜೇಬಿಗೆ ಹಾಕಿಕೊಂಡು, "ಹತ್ತಿ ಬಿಡಿಸಿದ ಮೇಲೆ ಎರಡನೇ ಕಂತು ಕಟ್ಟಬಹುದಾ, ಕೇಳಿ ನೋಡು" ಅಂದರು.

ನಾಳೆ ಕಾಲೇಜಿಗೆ ಫೋನ್ ಮಾಡಿ ಕೇಳುತ್ತೇನೆ. ಅಣಕು ಹಂಚಿಕೆ ಬಂದ ದಿನ ಇಲ್ಲೇ ಬರೆಯುತ್ತೇನೆ.